ಕಡತದ ಒಳಗುಟ್ಟು

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಶಾಸನಗಳಿಗೆ ಹೆಸರಾದ ಪ್ರದೇಶ. ಇಲ್ಲಿನ ದೇವಾಲಯಗಳ ಗೋಡೆಗಳಲ್ಲಿ, ಕೆರೆಯ ಏರಿಯ ಬಳಿಯಲ್ಲಿ, ಊರ ಮುಂದಿನ ಬಯಲಿನಲ್ಲಿ ಅಕ್ಷರಗಳನ್ನು ಹೊತ್ತ ಕಲ್ಲುಗಳು ನಿಂತಿವೆ. ಯಾವ ಅರಸನ ಕಾಲದಲ್ಲಿ, ಯಾರು, ಯಾರಿಗೆ, ಯಾವ ಭೂಮಿಯನ್ನು ಬಿಟ್ಟುಕೊಟ್ಟರು, ಆ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಗಳಾವುವು, ಕೆರೆಯನ್ನು ಕಟ್ಟಿಸಿದವರಾರು, ತುರುಗಳನ್ನು ಬಿಡಿಸಲು ಹೋರಾಡಿ ಮಡಿದ ವೀರನಾರು - ಇಂತಹ ಸಂಗತಿಗಳನ್ನು ಆ ಕಲ್ಲುಗಳು ಇಂದಿಗೂ ಸಾರುತ್ತಿವೆ. ದಾನವು ಸೂರ್ಯಚಂದ್ರರಿರುವವರೆಗೂ ನಿಲ್ಲಲೆಂದು ಹಾರೈಸಿ, ಅದನ್ನು ಕೆಡಿಸಿದವರಿಗೆ ಘೋರಪಾಪ ತಟ್ಟುವುದೆಂದು ಎಚ್ಚರಿಸಿ ಅನೇಕ ಶಾಸನಗಳು ಮುಗಿಯುತ್ತವೆ. ದಾಖಲೆಯೊಂದು ಬರೆದವರ ಕಾಲವನ್ನು ಮೀರಿ ಬಾಳಬೇಕೆಂಬ ಕಾಳಜಿ ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ಈ ಕಲ್ಲಿನ ಬರಹಗಳನ್ನು ಗ್ರಂಥರೂಪಕ್ಕೆ ತಂದ ಕೀರ್ತಿ ಮೊದಲಿಗೆ ಬಿ. ಎಲ್. ರೈಸ್ ಅವರಿಗೆ ಸಲ್ಲುತ್ತದೆ. ಅವರ 'ಎಪಿಗ್ರಾಫಿಯ ಕರ್ನಾಟಿಕ' ಗ್ರಂಥಮಾಲೆಯಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಶಾಸನಗಳು 1894ರ ಮೂರನೆಯ ಸಂಪುಟದಲ್ಲಿಯೂ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಶಾಸನಗಳು 1898ರ ನಾಲ್ಕನೆಯ ಸಂಪುಟದಲ್ಲಿಯೂ ಪ್ರಕಟವಾದುವು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವು ಈ ಮಾಲೆಯನ್ನು ಪರಿಷ್ಕರಿಸಿ ಹೊರತಂದಿತು. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳಿಗೆ ಸೇರಿದ ಸಂಪುಟವು 1977ರಲ್ಲಿಯೂ, ನಾಗಮಂಗಲವನ್ನು ಒಳಗೊಂಡ ಸಂಪುಟವು 1979ರಲ್ಲಿಯೂ ಬೆಳಕು ಕಂಡುವು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಎಂಟುನೂರು ವರ್ಷಗಳ ಹಿಂದೆ ಕೆತ್ತಿದ ಅಕ್ಷರಗಳನ್ನು ಓದಲು ವಿದ್ವಾಂಸರಿಗೆ ಅಂದಿನ ರೂವಾರಿಯ ಉಳಿ ಬೇಕಾಗಲಿಲ್ಲ. ಅವನ ವಂಶದವರ ಅಪ್ಪಣೆಯೂ ಬೇಕಾಗಲಿಲ್ಲ. ಹಳಗನ್ನಡ ಲಿಪಿಯ ಪರಿಚಯವಿದ್ದರೆ ಸಾಕಾಯಿತು. ಆ ಲಿಪಿ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಕಲ್ಲು ಗಟ್ಟಿಯಾಗಿದ್ದುದರಿಂದ ಬರಹ ಉಳಿಯಿತು. ಲಿಪಿ ಸಾರ್ವಜನಿಕವಾಗಿದ್ದುದರಿಂದ ಅದರ ಅರ್ಥ ಉಳಿಯಿತು.

ಕಲ್ಲಿನಂತೆಯೇ ಬಟ್ಟೆಯ ಮೇಲೂ ಕನ್ನಡಿಗರು ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುವುದು ವಾಡಿಕೆಯಾಗಿತ್ತು. ಅದಕ್ಕೆ ಕಡತವೆಂದು ಹೆಸರು. ಕಾಗದ ಬಂದ ಮೇಲೆ ಬಟ್ಟೆಯ ಕಡತ ಮರೆಯಾಯಿತಾದರೂ ಹೆಸರು ಉಳಿದುಕೊಂಡಿತು. ಕಚೇರಿಗಳಲ್ಲಿ ದಾರ ಕಟ್ಟಿ ಜೋಡಿಸಿದ ಕಾಗದದ ಕಟ್ಟಿಗೂ ಕಡತವೆಂದೇ ಹೆಸರಾಯಿತು. ಇಂದು ಗಣಕಯಂತ್ರದಲ್ಲಿ ಸಂಗ್ರಹಿಸಿದ ಪತ್ರ, ವರದಿ, ಲೆಕ್ಕದ ಪಟ್ಟಿ ಮೊದಲಾದುವುಗಳನ್ನೂ ಕಡತಗಳೆಂದು ಕರೆಯುತ್ತಾರೆ.

ಆದರೆ ಹಳೆಯ ಕಡತಕ್ಕೂ ಗಣಕಯಂತ್ರದ ಕಡತಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಹಳೆಯದನ್ನು ಬಿಡಿಸಿದೊಡನೆ ಅಕ್ಷರಗಳು ಕಣ್ಣಿಗೆ ಬೀಳುತ್ತವೆ. ಹೊಸದರಲ್ಲಿ ಇರುವುದು ಸೊನ್ನೆ ಮತ್ತು ಒಂದು ಎಂಬ ಎರಡು ಅಂಕೆಗಳ ಉದ್ದನೆಯ ಸಾಲು ಮಾತ್ರ. ಆ ಸಾಲಿನಲ್ಲಿ ಯಾವ ಭಾಗ ಅಕ್ಷರ, ಯಾವ ಭಾಗ ತಲೆಬರಹ, ಎಲ್ಲಿ ಪುಟ ಮುಗಿಯಿತು, ಎಲ್ಲಿ ಕೋಷ್ಟಕ ಆರಂಭವಾಯಿತು ಎಂಬುದನ್ನು ತಿಳಿಸುವ ನಿಯಮಗಳಿರಬೇಕು. ಆ ನಿಯಮಗಳ ಸಮೂಹವೇ ಕಡತದ ಸ್ವರೂಪ. ವ್ಯವಹಾರದಲ್ಲಿ ಇದನ್ನು ಫಾರ್ಮ್ಯಾಟ್ ಎನ್ನುತ್ತಾರೆ. ತಂತ್ರಾಂಶವು ಈ ನಿಯಮಗಳನ್ನು ಅನುಸರಿಸಿ ಕಡತವನ್ನು ಬರೆಯುತ್ತದೆ. ಅದೇ ನಿಯಮಗಳನ್ನು ಅನುಸರಿಸಿ ಮತ್ತೆ ತೆರೆದು ತೋರಿಸುತ್ತದೆ. ನಿಯಮ ತಿಳಿಯದಿದ್ದರೆ ಕಡತವು ಕಣ್ಣೆದುರಿಗಿದ್ದೂ ಇಲ್ಲದಂತೆಯೇ ಸರಿ.

ಬಹುಕಾಲ ಈ ನಿಯಮಗಳು ತಂತ್ರಾಂಶ ತಯಾರಿಸುವ ಸಂಸ್ಥೆಗಳ ಗುಟ್ಟಾಗಿದ್ದುವು. ಒಂದೊಂದು ಸಂಸ್ಥೆಗೂ ಒಂದೊಂದು ಸ್ವರೂಪ. ಒಂದರ ಕಡತವನ್ನು ಇನ್ನೊಂದರ ತಂತ್ರಾಂಶ ಸರಿಯಾಗಿ ತೆರೆಯುತ್ತಿರಲಿಲ್ಲ. ಪತ್ರ ಬರೆದವನದೇ, ಆದರೆ ಅದರ ಬೀಗದ ಕೈ ಬೇರೊಬ್ಬರಲ್ಲಿ ಎಂಬ ಸ್ಥಿತಿ ಒದಗಿತು. ತಂತ್ರಾಂಶದ ಮಾರಾಟ ನಿಂತುಹೋದರೆ, ಅಥವಾ ಹೊಸ ಆವೃತ್ತಿಯು ಹಳೆಯ ಕಡತವನ್ನು ಕೈಬಿಟ್ಟರೆ, ಬರೆದವನೇ ತನ್ನ ಬರಹಕ್ಕೆ ಅಪರಿಚಿತನಾಗಬೇಕಾಗುತ್ತಿತ್ತು.

ಕನ್ನಡದಲ್ಲಿ ಈ ತೊಡಕು ಇನ್ನೂ ಆಳವಾಗಿತ್ತು. ಪುಟದ ವಿನ್ಯಾಸವಷ್ಟೇ ಏಕೆ, ಅಕ್ಷರಗಳೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತಿರಲಿಲ್ಲ. ಶ್ರೀಲಿಪಿ, ಆಕೃತಿ, ಬರಹ, ನುಡಿ ಮೊದಲಾದ ತಂತ್ರಾಂಶಗಳು ಗಣಕಯಂತ್ರದಲ್ಲಿ ಕನ್ನಡವನ್ನು ನೆಲೆಗೊಳಿಸುವಲ್ಲಿ ದೊಡ್ಡ ಸೇವೆ ಸಲ್ಲಿಸಿವೆ. ಆದರೆ ಮೊದಮೊದಲು ಇಂತಹ ತಂತ್ರಾಂಶಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಲ್ಯಾಟಿನ್ ಅಕ್ಷರಗಳಿಗೆಂದು ಮೀಸಲಾದ ಸ್ಥಾನಗಳಲ್ಲಿ ಕೂರಿಸಲಾಗುತ್ತಿತ್ತು. ಈ ಹಂಚಿಕೆಯೂ ಎಲ್ಲೆಡೆ ಒಂದೇ ತೆರನಾಗಿರಲಿಲ್ಲ. ಆ ಅಕ್ಷರವಿನ್ಯಾಸ, ಎಂದರೆ ಫಾಂಟ್, ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು ಕಾಣಿಸುತ್ತಿತ್ತು. ಅದರಲ್ಲಿ ಒಂದು ಊರಿನ ಹೆಸರನ್ನು ಹುಡುಕುವುದಾಗಲಿ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದಾಗಲಿ ಸುಲಭವಾಗಿರಲಿಲ್ಲ.

ಇದಕ್ಕೆ ಪರಿಹಾರವಾಗಿ ಬಂದುದು ಯೂನಿಕೋಡ್. ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಪ್ರತ್ಯೇಕವಾದ ಸಂಖ್ಯೆಯೊಂದನ್ನು ನಿಗದಿಪಡಿಸುವ ವ್ಯವಸ್ಥೆಯಿದು. 1991ರಲ್ಲಿ ಹೊರಬಂದ ಇದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಈ ವ್ಯವಸ್ಥೆಯಲ್ಲಿ 'ಕ' ಅಕ್ಷರದ ಸಂಖ್ಯೆ 3221. ಶ್ರೀರಂಗಪಟ್ಟಣದಲ್ಲಿ ಬರೆದರೂ, ಅಮೆರಿಕದಲ್ಲಿ ಬರೆದರೂ, ಯಾವ ಅಕ್ಷರವಿನ್ಯಾಸದಲ್ಲಿ ಬರೆದರೂ ಆ ಸಂಖ್ಯೆ ಬದಲಾಗದು. ಅಕ್ಷರದ ಅಂದ ಬೇರೆ, ಅಕ್ಷರದ ಗುರುತು ಬೇರೆ ಎಂಬ ವಿವೇಕವೇ ಇದರ ತಿರುಳು. ಕ್ರಮೇಣ ನುಡಿ, ಬರಹ ಮುಂತಾದ ತಂತ್ರಾಂಶಗಳೂ ಯೂನಿಕೋಡನ್ನು ಅಳವಡಿಸಿಕೊಂಡುವು.

ಇದೆಲ್ಲ ಕೇವಲ ತಂತ್ರಜ್ಞರ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ 'ಭೂಮಿ' ಯೋಜನೆಯ ಮೂಲಕ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ರೈತನ ಜಮೀನಿನ ಆಧಾರ ಈಗ ಗ್ರಾಮಲೆಕ್ಕಿಗರ ಪುಸ್ತಕದಲ್ಲಿಲ್ಲ, ಯಂತ್ರದ ನೆನಪಿನಲ್ಲಿದೆ. ಪಹಣಿಗಳಿಗೆ ಪ್ರತ್ಯೇಕವಾದ ದತ್ತಸಂಚಯವುಂಟು. ಆದರೆ ಸಹಕಾರ ಸಂಘದ ವರದಿ, ಪಂಚಾಯಿತಿಯ ನಡವಳಿ, ಶಾಲೆಯ ಅಂಕಪಟ್ಟಿ, ಕಚೇರಿಯ ಪತ್ರ ಇವೆಲ್ಲ ಸಾಮಾನ್ಯ ಕಡತಗಳಾಗಿಯೇ ಹುಟ್ಟುತ್ತವೆ. ಐವತ್ತು ವರ್ಷಗಳ ಅನಂತರ ಒಬ್ಬ ನಾಗರಿಕನು ತನ್ನ ಹಕ್ಕನ್ನು ಸ್ಥಾಪಿಸಲು ಅವುಗಳಲ್ಲೊಂದನ್ನು ಕೇಳಬಹುದು. ಅಂದು ಕಡತವಿದ್ದೂ ಓದಲು ಬಾರದಿದ್ದರೆ ಅವನಿಗಾಗುವ ನಷ್ಟ, ಶಾಸನದ ಕಲ್ಲು ಒಡೆದುಹೋದಾಗ ಆಗುವ ನಷ್ಟಕ್ಕೆ ಕಡಿಮೆಯೇನಲ್ಲ.

ಈ ಭಯವನ್ನು ನಿವಾರಿಸಲೆಂದು ಹುಟ್ಟಿದುದು ಮುಕ್ತ ಮಾನಕದ ಕಲ್ಪನೆ. ಕಡತದ ಸ್ವರೂಪವು ಮುಕ್ತವಾಗಬೇಕಾದರೆ ಮೂರು ಅಂಶಗಳು ಕೂಡಿಬರಬೇಕು. ಮೊದಲನೆಯದಾಗಿ, ಅದರ ನಿಯಮಗಳೆಲ್ಲವೂ ಬರಹದಲ್ಲಿ ಪ್ರಕಟವಾಗಿರಬೇಕು. ಎರಡನೆಯದಾಗಿ, ಆ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಶುಲ್ಕವಿಲ್ಲದೆ ತಂತ್ರಾಂಶ ರಚಿಸುವಂತಿರಬೇಕು. ಮೂರನೆಯದಾಗಿ, ನಿಯಮಗಳನ್ನು ತಿದ್ದುವ ಅಧಿಕಾರ ಒಂದೇ ಸಂಸ್ಥೆಯ ಕೈಯಲ್ಲಿರದೆ, ಸಂಬಂಧಪಟ್ಟವರೆಲ್ಲ ಕುಳಿತು ವಿಚಾರ ಮಾಡುವ ವೇದಿಕೆಯಲ್ಲಿರಬೇಕು. ಭಾರತ ಸರ್ಕಾರವು 2010ರ ನವೆಂಬರಿನಲ್ಲಿ ಪ್ರಕಟಿಸಿದ ಮುಕ್ತ ಮಾನಕಗಳ ನೀತಿಯಲ್ಲಿ ಈ ಅಂಶಗಳು ಕಾಣಬರುತ್ತವೆ. ಮಾನಕವು ಭಾರತದ ಅಧಿಕೃತ ಭಾಷೆಗಳಿಗೆ ಒಗ್ಗುವಂತಿರಬೇಕೆಂದೂ ಆ ನೀತಿ ಬಯಸುತ್ತದೆ.

ಕಚೇರಿಯ ಕಡತಗಳಿಗೆ ಇಂದು ಇಂತಹ ಎರಡು ಸ್ವರೂಪಗಳು ಪ್ರಚಾರದಲ್ಲಿವೆ. ಒಂದರ ಹೆಸರು ಓಪನ್ ಡಾಕ್ಯುಮೆಂಟ್, ಸಂಕ್ಷೇಪವಾಗಿ ಓಡಿಎಫ್. ಇನ್ನೊಂದರ ಹೆಸರು ಆಫೀಸ್ ಓಪನ್ ಎಕ್ಸ್‌ಎಂಎಲ್, ಸಂಕ್ಷೇಪವಾಗಿ ಓಓಎಕ್ಸ್‌ಎಂಎಲ್. ಮೊದಲನೆಯದರಲ್ಲಿ ಬರೆದ ಪತ್ರದ ಹೆಸರಿನ ತುದಿಯಲ್ಲಿ 'ಓಡಿಟಿ' ಎಂದೂ, ಎರಡನೆಯದರಲ್ಲಿ ಬರೆದುದರ ತುದಿಯಲ್ಲಿ 'ಡಾಕ್ಸ್' ಎಂದೂ ಇರುತ್ತದೆ. ಹೆಸರಿನಲ್ಲಿ ಎರಡೂ ಮುಕ್ತವೇ. ಆದರೆ ಹುಟ್ಟಿದ ಬಗೆಯಲ್ಲಿಯೂ ಉದ್ದೇಶದಲ್ಲಿಯೂ ಇವೆರಡಕ್ಕೂ ಭೇದವಿದೆ.

ಓಡಿಎಫ್‌ನ ಮೂಲ ಓಪನ್ ಆಫೀಸ್ ಎಂಬ ತಂತ್ರಾಂಶದಲ್ಲಿದೆ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1999ರಲ್ಲಿ ಸ್ಟಾರ್ ಆಫೀಸ್ ಎಂಬ ತಂತ್ರಾಂಶವನ್ನು ಅದರ ತಯಾರಕರಿಂದ ಕೊಂಡು, 2000ದಲ್ಲಿ ಅದರ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಅದರ ಕಡತದ ಸ್ವರೂಪವನ್ನು ಆಧಾರವಾಗಿಟ್ಟುಕೊಂಡು ಓಯಾಸಿಸ್ ಎಂಬ ಲಾಭರಹಿತ ಒಕ್ಕೂಟವು 2002ರಲ್ಲಿ ಸಮಿತಿಯೊಂದನ್ನು ರಚಿಸಿತು. ಸಮಿತಿಯು ಸಿದ್ಧಪಡಿಸಿದ ಮಾನಕವು 2005ರಲ್ಲಿ ಅಂಗೀಕೃತವಾಯಿತು. ಮರುವರ್ಷ, ಎಂದರೆ 2006ರಲ್ಲಿ, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಅದಕ್ಕೆ 26300 ಎಂಬ ಸಂಖ್ಯೆಯನ್ನಿತ್ತು ಮಾನ್ಯಮಾಡಿತು. ಯಾವ ತಂತ್ರಾಂಶಕ್ಕೂ ಅಂಟಿಕೊಳ್ಳದೆ ಹೊಸದಾಗಿ, ಸರಳವಾಗಿ ಬರೆಯುವ ಪದ್ಧತಿಯೊಂದನ್ನು ರೂಪಿಸುವುದು ಈ ಸಮಿತಿಯ ಗುರಿಯಾಗಿತ್ತು.

ಓಓಎಕ್ಸ್‌ಎಂಎಲ್ ಮೈಕ್ರೋಸಾಫ್ಟ್ ಸಂಸ್ಥೆಯ ಕೊಡುಗೆ. ಆ ಸಂಸ್ಥೆಯ ವರ್ಡ್, ಎಕ್ಸೆಲ್ ಮೊದಲಾದ ತಂತ್ರಾಂಶಗಳಲ್ಲಿ ಹಲವು ವರ್ಷಗಳಿಂದ ಲೆಕ್ಕವಿಲ್ಲದಷ್ಟು ಕಡತಗಳು ಜಗತ್ತಿನಾದ್ಯಂತ ಸಿದ್ಧವಾಗಿದ್ದುವು. ಅವುಗಳಲ್ಲಿನ ಯಾವ ಅಂಶವೂ ನಷ್ಟವಾಗದಂತೆ ಅವನ್ನು ಹೊಸ ಸ್ವರೂಪಕ್ಕೆ ತರಬೇಕೆಂಬುದು ಇದರ ಉದ್ದೇಶ. 2006ರ ಡಿಸೆಂಬರಿನಲ್ಲಿ ಎಕ್ಮಾ ಎಂಬ ಮಾನಕ ಸಂಘಟನೆಯು ಇದನ್ನು ಅಂಗೀಕರಿಸಿ, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮುಂದಿಟ್ಟಿತು. ಅಲ್ಲಿ ನಡೆದ ಚರ್ಚೆ ಕಚೇರಿಯ ಕಡತಗಳ ಇತಿಹಾಸದಲ್ಲಿಯೇ ಹೆಸರಾದುದು. 2007ರ ಸೆಪ್ಟೆಂಬರಿನ ಮತದಾನದಲ್ಲಿ ಪ್ರಸ್ತಾಪಕ್ಕೆ ಸಾಕಷ್ಟು ಬೆಂಬಲ ದೊರೆಯಲಿಲ್ಲ. ಭಾರತದ ಪರವಾಗಿ ಭಾರತೀಯ ಮಾನಕ ಬ್ಯೂರೋ ಅಸಮ್ಮತಿಯ ಮತವನ್ನಿತ್ತಿತು. 2008ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ಸಭೆ ಸೇರಿ ತಿದ್ದುಪಡಿಗಳನ್ನು ಚರ್ಚಿಸಲಾಯಿತು. ಆ ಬಳಿಕ ಹಲವು ದೇಶಗಳು ತಮ್ಮ ನಿಲುವನ್ನು ಬದಲಿಸಿದುದರಿಂದ ಪ್ರಸ್ತಾಪವು ಗೆದ್ದಿತು. ಭಾರತವು ತನ್ನ ನಿಲುವಿನಲ್ಲಿಯೇ ನಿಂತಿತು. ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕ, ವೆನೆಜುವೆಲ ದೇಶಗಳು ಸಲ್ಲಿಸಿದ ಮೇಲ್ಮನವಿಗಳು ಪುರಸ್ಕೃತವಾಗಲಿಲ್ಲ. 2008ರ ನವೆಂಬರಿನಲ್ಲಿ ಈ ಸ್ವರೂಪವು 29500 ಎಂಬ ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾಯಿತು.

ಇಷ್ಟೊಂದು ವಾದವಿವಾದಕ್ಕೆ ಕಾರಣವಾದ ಇವೆರಡರ ಒಳರಚನೆ ಹೇಗಿದೆಯೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಈ ನಾಲ್ಕು ತಾಲ್ಲೂಕುಗಳ ಶಾಲೆಗಳ ವಿದ್ಯಾರ್ಥಿಗಳು ಸೇರಿ ತಮ್ಮ ಪ್ರದೇಶದ ಚರಿತ್ರೆಯನ್ನು ಕುರಿತು ಒಂದು ವರದಿಯನ್ನೂ ಮುಖ್ಯ ಘಟನೆಗಳ ಕೋಷ್ಟಕವನ್ನೂ ಸಿದ್ಧಪಡಿಸುತ್ತಾರೆಂದು ಭಾವಿಸೋಣ. ಶ್ರೀರಂಗಪಟ್ಟಣದವರು ಲಿಬ್ರೆ ಆಫೀಸ್ ತಂತ್ರಾಂಶದಲ್ಲಿ ಓಡಿಎಫ್ ಸ್ವರೂಪವನ್ನೂ, ನಾಗಮಂಗಲದವರು ಮೈಕ್ರೋಸಾಫ್ಟ್ ಆಫೀಸಿನಲ್ಲಿ ಓಓಎಕ್ಸ್‌ಎಂಎಲ್ ಸ್ವರೂಪವನ್ನೂ ಬಳಸುತ್ತಾರೆ. ಪಾಂಡವಪುರ ಮತ್ತು ಕೃಷ್ಣರಾಜಪೇಟೆಯವರು ಎರಡನ್ನೂ ತೆರೆದು ತಿದ್ದಬೇಕಾಗಿದೆ.

ಎರಡು ಕಡತಗಳ ಹೊರ ಆವರಣ ಒಂದೇ ಬಗೆಯದು. ಹಲವು ಚಿಕ್ಕ ಕಡತಗಳನ್ನು ಒತ್ತಿ ಕಟ್ಟಿದ ಗಂಟು ಅದು. ಅದಕ್ಕೆ ಜಿಪ್ ಎಂದು ಹೆಸರು. ಕಡತದ ಪ್ರತಿಯೊಂದನ್ನು ಮಾಡಿಕೊಂಡು, ಜಿಪ್ ಬಿಚ್ಚುವ ತಂತ್ರಾಂಶದಿಂದ ತೆರೆದರೆ ಒಳಗಿನ ಚಿಕ್ಕ ಕಡತಗಳು ಗೋಚರವಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ಎಕ್ಸ್‌ಎಂಎಲ್ ಎಂಬ ಪದ್ಧತಿಯಲ್ಲಿ ಬರೆದ ಸಾದಾ ಅಕ್ಷರಗಳು. ಈ ಪದ್ಧತಿಯಲ್ಲಿ ಪ್ರತಿ ಭಾಗದ ಹಿಂದೆ ಮುಂದೆ ಅದರ ಗುರುತನ್ನು ಬರೆದಿರುತ್ತಾರೆ. 'ಇಲ್ಲಿಂದ ಪರಿಚ್ಛೇದ ಆರಂಭ, ಇಲ್ಲಿಗೆ ಪರಿಚ್ಛೇದ ಮುಗಿಯಿತು' ಎಂಬಂತೆ. ಅಕ್ಷರಗಳು ಯೂನಿಕೋಡಿನವು. ಆದುದರಿಂದ ಕನ್ನಡದ ವಾಕ್ಯವು ಕನ್ನಡವಾಗಿಯೇ ಕಣ್ಣಿಗೆ ಬೀಳುತ್ತದೆ. ಕಚೇರಿಯ ತಂತ್ರಾಂಶವೇ ಇಲ್ಲದಿದ್ದರೂ ಬರಹದ ತಿರುಳನ್ನು ಓದಿಕೊಳ್ಳಬಹುದು. ಹಳೆಯ ಗುಟ್ಟಿನ ಸ್ವರೂಪಗಳಿಗೆ ಹೋಲಿಸಿದರೆ ಇದು ಎರಡು ಮಾನಕಗಳೂ ಸಾಧಿಸಿದ ದೊಡ್ಡ ಹೆಜ್ಜೆ.

ಒಳಗೆ ಇಳಿದಂತೆ ಭೇದಗಳು ತೋರತೊಡಗುತ್ತವೆ. ಓಡಿಎಫ್‌ನ ಗಂಟಿನಲ್ಲಿ ಬರಹದ ವಿಷಯಕ್ಕೊಂದು, ಅದರ ಅಲಂಕಾರದ ಶೈಲಿಗಳಿಗೊಂದು, ಬರೆದವರ ಹೆಸರು ದಿನಾಂಕ ಮುಂತಾದ ವಿವರಗಳಿಗೊಂದು ಚಿಕ್ಕ ಕಡತವಿರುತ್ತದೆ. ಗುರುತುಗಳ ಹೆಸರುಗಳು ಪೂರ್ಣಪದಗಳಾಗಿದ್ದು, ಓದಿದರೆ ಅರ್ಥವಾಗುವಂತಿವೆ. ಗಣಿತದ ಸಮೀಕರಣ, ರೇಖಾಚಿತ್ರ ಮೊದಲಾದುವುಗಳಿಗೆ ಮೊದಲೇ ಇದ್ದ ಅಂತರರಾಷ್ಟ್ರೀಯ ಪದ್ಧತಿಗಳನ್ನೇ ಎರವಲು ಪಡೆಯಲಾಗಿದೆ. ಓಓಎಕ್ಸ್‌ಎಂಎಲ್‌ನಲ್ಲಿ ಗುರುತುಗಳು ಒಂದೆರಡು ಅಕ್ಷರಗಳಷ್ಟೇ ಚಿಕ್ಕವು. ಪರಿಚ್ಛೇದವನ್ನು ತುಣುಕುಗಳಾಗಿ ವಿಂಗಡಿಸಿ, ಪ್ರತಿ ತುಣುಕಿಗೂ ಪ್ರತ್ಯೇಕ ಗುರುತು ಹಾಕುವುದು ಅದರ ರೀತಿ. ಗಣಿತಕ್ಕೂ ಚಿತ್ರಗಳಿಗೂ ಅದು ತನ್ನವೇ ಆದ ಪದ್ಧತಿಗಳನ್ನು ರಚಿಸಿಕೊಂಡಿದೆ. ದೊಡ್ಡ ಕೋಷ್ಟಕಗಳಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಒಂದೇ ಕಡೆ ಪಟ್ಟಿಮಾಡಿ, ಉಳಿದೆಡೆ ಪಟ್ಟಿಯ ಸಂಖ್ಯೆಯನ್ನಷ್ಟೇ ಬರೆಯುವ ಉಪಾಯವೂ ಅದರಲ್ಲಿದೆ. ಇದರಿಂದ ಯಂತ್ರದ ಕೆಲಸ ಹಗುರವಾಗುತ್ತದೆ. ಮನುಷ್ಯನ ಓದು ಮಾತ್ರ ಕಷ್ಟವಾಗುತ್ತದೆ.

ದಿನಾಂಕಗಳ ವಿಷಯದಲ್ಲಿ ಈ ಭೇದವು ಸ್ಪಷ್ಟವಾಗಿ ಕಾಣುತ್ತದೆ. ವಿದ್ಯಾರ್ಥಿಗಳ ಕೋಷ್ಟಕದಲ್ಲಿ ಮಂಡ್ಯ ಜಿಲ್ಲೆ ರೂಪುಗೊಂಡ 1939ನೆಯ ಜುಲೈ 1 ಎಂಬ ದಿನಾಂಕವಿದೆಯೆಂದುಕೊಳ್ಳೋಣ. ಓಡಿಎಫ್ ಅದನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 1939-07-01 ಎಂದೇ ಬರೆದಿಡುತ್ತದೆ. ಓಓಎಕ್ಸ್‌ಎಂಎಲ್‌ನ ಕೋಷ್ಟಕದಲ್ಲಿ ಸಾಮಾನ್ಯವಾಗಿ ಕಾಣುವುದು 14427 ಎಂಬ ಸಂಖ್ಯೆ. 1900ನೆಯ ಜನವರಿ 1ನ್ನು ಮೊದಲನೆಯ ದಿನವೆಂದು ಎಣಿಸಿದಾಗ ದೊರೆಯುವ ಸಂಖ್ಯೆಯಿದು. ಆದರೆ ಸರಿಯಾಗಿ ಎಣಿಸಿದರೆ 14426 ಬರಬೇಕು. ಒಂದು ದಿನ ಹೆಚ್ಚಾದುದು ಹೇಗೆ? ಈ ಎಣಿಕೆಯಲ್ಲಿ 1900ನ್ನು ಅಧಿಕವರ್ಷವೆಂದು ಭಾವಿಸಿ, ಇಲ್ಲದ ಫೆಬ್ರವರಿ 29ನ್ನು ಸೇರಿಸಲಾಗಿದೆ. ಶತಮಾನದ ವರ್ಷಗಳು 400ರಿಂದ ನಿಶ್ಶೇಷವಾಗಿ ಭಾಗವಾದರೆ ಮಾತ್ರ ಅಧಿಕವರ್ಷಗಳು. 1900 ಹಾಗೆ ಭಾಗವಾಗದು. ಲೋಟಸ್ 1-2-3 ಎಂಬ ಹಳೆಯ ತಂತ್ರಾಂಶದಲ್ಲಿದ್ದ ಈ ತಪ್ಪನ್ನು, ಅದರ ಕಡತಗಳಿಗೆ ಹೊಂದಿಕೊಳ್ಳಲೆಂದು, ಎಕ್ಸೆಲ್ ಉಳಿಸಿಕೊಂಡಿತು. ಎಕ್ಸೆಲಿನಿಂದ ಅದು ಮಾನಕದೊಳಕ್ಕೂ ಬಂದಿತು. 2008ರ ಪರಿಷ್ಕರಣದಲ್ಲಿ ಬೇರೆ ಎಣಿಕೆಗಳಿಗೂ ಅವಕಾಶ ಕಲ್ಪಿಸಲಾಯಿತಾದರೂ ಹಳೆಯ ಎಣಿಕೆಯ ಬಳಕೆ ನಿಲ್ಲಲಿಲ್ಲ.

ಇನ್ನು, ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ 1799ನೆಯ ಮೇ 4 ಎಂಬ ದಿನಾಂಕವನ್ನು ಬರೆಯಬೇಕಾದರೆ ಏನಾಗುತ್ತದೆ? ಓಡಿಎಫ್‌ನಲ್ಲಿ 1799-05-04 ಎಂದು ಬರೆಯಲು ಅಡ್ಡಿಯಿಲ್ಲ. ಎಣಿಕೆ 1900ರಿಂದ ಆರಂಭವಾಗುವ ಎಕ್ಸೆಲಿನ ಕೋಷ್ಟಕದಲ್ಲಿ ಅದು ದಿನಾಂಕವಾಗದೆ ಬರಿಯ ಅಕ್ಷರಗಳಾಗಿ ಉಳಿಯುತ್ತದೆ. ಎರಡು ಘಟನೆಗಳ ನಡುವಿನ ದಿನಗಳನ್ನು ಕಳೆದು ನೋಡಲು ಬರುವುದಿಲ್ಲ. ವ್ಯಾಪಾರದ ಲೆಕ್ಕಕ್ಕೆ ಇದರಿಂದ ತೊಂದರೆಯಿಲ್ಲ. ಚರಿತ್ರೆ ಬರೆಯುವವರಿಗೆ ತೊಂದರೆಯುಂಟು.

ಹಾಗೆಂದು ದೋಷವೆಲ್ಲ ಒಂದೇ ಕಡೆಯಲ್ಲಿದೆಯೆಂದು ತಿಳಿಯಬಾರದು. ಓಡಿಎಫ್‌ನ ಮೊದಲ ಆವೃತ್ತಿಯ ವಿವರಣೆ ಸುಮಾರು 700 ಪುಟಗಳಷ್ಟಿದ್ದು ಓದಲು ಹಿತವಾಗಿತ್ತು. ಆದರೆ ಕೋಷ್ಟಕದ ಮನೆಗಳಲ್ಲಿ ಬರೆಯುವ ಲೆಕ್ಕದ ಸೂತ್ರಗಳನ್ನು ಹೇಗೆ ಬರೆಯಬೇಕು, ಅವುಗಳಿಗೆ ಯಾವ ಉತ್ತರ ಬರಬೇಕು ಎಂಬುದನ್ನು ಅದು ನಿರ್ಧರಿಸಿರಲಿಲ್ಲ. ಒಂದು ತಂತ್ರಾಂಶದಲ್ಲಿ ಬರೆದ ಮೊತ್ತದ ಸೂತ್ರ ಇನ್ನೊಂದರಲ್ಲಿ ಕೆಲಸ ಮಾಡದೆ ಹೋಗುವ ಸಂಭವವಿತ್ತು. 2011ರಲ್ಲಿ ಬಂದ 1.2ನೆಯ ಆವೃತ್ತಿಯು ಈ ಕೊರತೆಯನ್ನು ತುಂಬಿತು. ಓಓಎಕ್ಸ್‌ಎಂಎಲ್‌ನಲ್ಲಿ ಸೂತ್ರಗಳ ವಿವರಣೆ ಮೊದಲಿನಿಂದಲೂ ಇತ್ತು. ಹಳೆಯ ಕಡತಗಳ ಸಣ್ಣಪುಟ್ಟ ವಿಶೇಷಗಳನ್ನೂ ಕಾಪಾಡುವ ಅದರ ಶಕ್ತಿಯು, ಹಲವು ವರ್ಷಗಳ ಕಡತಗಳನ್ನು ಹೊತ್ತ ಕಚೇರಿಗಳಿಗೆ ಉಪಕಾರಿಯೇ ಸರಿ.

ಆ ಶಕ್ತಿಗೆ ತೆತ್ತ ಬೆಲೆ ಮಾನಕದ ಗಾತ್ರ. ಎಕ್ಮಾ ಅಂಗೀಕರಿಸಿದ ವಿವರಣೆ 6000 ಪುಟಗಳನ್ನು ಮೀರಿತ್ತು. ಅದರಲ್ಲಿ ಕೆಲವು ನಿಯಮಗಳು 'ವರ್ಡ್ 95 ಮಾಡುತ್ತಿದ್ದಂತೆ ಅಂತರ ಬಿಡತಕ್ಕದ್ದು' ಎಂಬ ಬಗೆಯವಾಗಿದ್ದು, ವರ್ಡ್ 95 ಹೇಗೆ ಮಾಡುತ್ತಿತ್ತೆಂಬುದನ್ನು ತಿಳಿಸಿರಲಿಲ್ಲ. ಅಡುಗೆಯ ಕ್ರಮವನ್ನು ವಿವರಿಸುವ ಪುಸ್ತಕದಲ್ಲಿ 'ಅಜ್ಜಿ ಹಾಕುತ್ತಿದ್ದಷ್ಟು ಉಪ್ಪು ಹಾಕು' ಎಂದು ಬರೆದಂತಾಯಿತು ಇದು. ಅಜ್ಜಿಯನ್ನು ಕಂಡವರಿಗೆ ಮಾತ್ರ ಅದರಿಂದ ಪ್ರಯೋಜನ. ಟೀಕೆಗಳು ಬಂದ ಮೇಲೆ ಮಾನಕವನ್ನು ಎರಡು ಬಗೆಯಾಗಿ ವಿಂಗಡಿಸಿ, ಇಂತಹ ಹಳೆಯ ಅಂಶಗಳನ್ನು ಪರಿವರ್ತನೆಯ ಕಾಲಕ್ಕೆಂದು ಮೀಸಲಾದ ಬಗೆಯಲ್ಲಿ ಇರಿಸಲಾಯಿತು. ಅವುಗಳಿಲ್ಲದ ಕಟ್ಟುನಿಟ್ಟಾದ ಬಗೆಯೊಂದನ್ನು ಪ್ರತ್ಯೇಕವಾಗಿ ರೂಪಿಸಲಾಯಿತು. ಆದರೆ ದಿನಬಳಕೆಯಲ್ಲಿ ಹೆಚ್ಚಾಗಿ ಸಿದ್ಧವಾಗುತ್ತಿರುವುದು ಪರಿವರ್ತನೆಯ ಬಗೆಯ ಕಡತಗಳೇ.

ಕನ್ನಡದ ಮಟ್ಟಿಗೆ ಎರಡೂ ಸ್ವರೂಪಗಳು ಸಮಾನವೆನ್ನಬಹುದು. ಒತ್ತಕ್ಷರ, ಗುಣಿತಾಕ್ಷರಗಳಿಂದ ಕೂಡಿದ ಲಿಪಿಗಳನ್ನು ಎರಡೂ ಸಂಕೀರ್ಣ ಲಿಪಿಗಳೆಂಬ ವರ್ಗಕ್ಕೆ ಸೇರಿಸಿ, ಅವುಗಳಿಗೆ ಅಕ್ಷರವಿನ್ಯಾಸವನ್ನೂ ಗಾತ್ರವನ್ನೂ ಇಂಗ್ಲಿಷಿನಿಂದ ಪ್ರತ್ಯೇಕವಾಗಿ ಬರೆದಿಡುತ್ತವೆ. ನಾಗಮಂಗಲದಿಂದ ಬಂದ ವರದಿಯು ಪಾಂಡವಪುರದಲ್ಲಿ ತೆರೆದಾಗ ಹತ್ತು ಪುಟದಿಂದ ಹನ್ನೊಂದು ಪುಟಕ್ಕೆ ಬೆಳೆದರೆ, ಅದಕ್ಕೆ ಹಲವೊಮ್ಮೆ ಕಾರಣ ಕಡತದ ಸ್ವರೂಪವಲ್ಲ, ಅಕ್ಷರವಿನ್ಯಾಸ. ಕಡತದಲ್ಲಿ ಸಾಮಾನ್ಯವಾಗಿ ವಿನ್ಯಾಸದ ಹೆಸರು ಮಾತ್ರ ಇರುತ್ತದೆ. ಆ ಹೆಸರಿನ ವಿನ್ಯಾಸವು ಇನ್ನೊಂದು ಯಂತ್ರದಲ್ಲಿ ಇಲ್ಲದಿದ್ದರೆ ಬೇರೊಂದು ಅದರ ಸ್ಥಾನಕ್ಕೆ ಬರುತ್ತದೆ. ಸಾಲುಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಬರಹವನ್ನು ಯೂನಿಕೋಡ್ ಅಲ್ಲದ ಹಳೆಯ ವಿನ್ಯಾಸದಲ್ಲಿ ಬರೆದಿದ್ದರಂತೂ, ಮಾನಕ ಎಷ್ಟೇ ಮುಕ್ತವಾಗಿದ್ದರೂ, ಗಂಟು ಬಿಚ್ಚಿದಾಗ ಸಿಗುವುದು ಅರ್ಥವಿಲ್ಲದ ಚಿಹ್ನೆಗಳೇ. ತೆರೆದ ಬಾಗಿಲಿನ ಮನೆಯೊಳಗೆ ಬೀಗ ಹಾಕಿದ ಪೆಟ್ಟಿಗೆಯಿದ್ದಂತೆ ಅದು.

ಹಾಗಾದರೆ ಎರಡರಲ್ಲಿ ಯಾವುದು ಮೇಲು? ಹಳೆಯ ಕಡತಗಳ ರೂಪವನ್ನು ಇದ್ದಂತೆಯೇ ಕಾಪಾಡಬೇಕಾದಲ್ಲಿ ಓಓಎಕ್ಸ್‌ಎಂಎಲ್‌ಗೆ ಹೆಚ್ಚಿನ ಅನುಕೂಲವುಂಟು. ಹೊಸದಾಗಿ ಬರೆಯುವ ಸಾರ್ವಜನಿಕ ದಾಖಲೆಗಳಿಗೆ, ಬೇರೆ ಬೇರೆ ತಂತ್ರಾಂಶಗಳನ್ನು ಬಳಸುವವರ ನಡುವೆ ಸಾಗಬೇಕಾದ ಬರಹಗಳಿಗೆ ಓಡಿಎಫ್‌ನ ಸರಳತೆ ಹೆಚ್ಚು ಒಗ್ಗುತ್ತದೆ. ಬ್ರಿಟಿಷ್ ಸರ್ಕಾರವು 2014ರಲ್ಲಿ ತಿದ್ದಬೇಕಾದ ದಾಖಲೆಗಳಿಗೆ ಓಡಿಎಫ್‌ನ್ನು ಆರಿಸಿಕೊಂಡುದು ಇಂತಹ ವಿಚಾರದಿಂದಲೇ. ಮುಂದೆ ತಿದ್ದಬೇಕಾಗಿಲ್ಲದ ಅಂತಿಮ ಪ್ರತಿಗೆ ಎರಡೂ ಸಲ್ಲವು. ಪುಟವನ್ನು ಅಕ್ಷರವಿನ್ಯಾಸದ ಸಮೇತ ಸ್ಥಿರವಾಗಿ ಕಾಪಾಡುವ ಪಿಡಿಎಫ್-ಎ ಎಂಬ ಸ್ವರೂಪವು ಅದಕ್ಕಾಗಿಯೇ 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿದೆ.

ಮುಕ್ತವೆಂಬ ಹೆಸರಿನಿಂದಲೇ ಯಾವುದೂ ಮುಕ್ತವಾಗದು. ಬರೆದ ಉಪಕರಣವಿಲ್ಲದೆ, ಪ್ರಕಟವಾದ ನಿಯಮಗಳನ್ನಷ್ಟೇ ಕೈಯಲ್ಲಿ ಹಿಡಿದು, ಅಪರಿಚಿತನೊಬ್ಬನು ಕಡತವನ್ನು ಸಂಪೂರ್ಣವಾಗಿ ಓದಬಲ್ಲನೇ ಎಂಬುದೇ ಅದರ ಪರೀಕ್ಷೆ. ಈ ಪರೀಕ್ಷೆಯಲ್ಲಿ ಸಂಸ್ಥೆಗಳಿಗೂ ಸರ್ಕಾರಗಳಿಗೂ ಇರುವಂತೆ ಬರೆಯುವ ಪ್ರತಿಯೊಬ್ಬರಿಗೂ ಒಂದು ಪಾತ್ರವಿದೆ. ಯೂನಿಕೋಡ್ ಅಕ್ಷರಗಳಲ್ಲಿ ಬರೆಯುವುದು, ಎಲ್ಲರಿಗೂ ಸಿಗುವ ಅಕ್ಷರವಿನ್ಯಾಸವನ್ನು ಬಳಸುವುದು, ತಲೆಬರಹಗಳಿಗೆ ಶೈಲಿಯ ಗುರುತನ್ನು ಕ್ರಮವಾಗಿ ಹಾಕುವುದು, ಮುಖ್ಯವಾದ ಬರಹದ ಅಂತಿಮ ಪ್ರತಿಯನ್ನು ಬೇರೆಯಾಗಿ ಕಾಪಾಡುವುದು - ಇವು ಸಣ್ಣ ಕೆಲಸಗಳು. ಒಂದು ಹಳ್ಳಿಯ ಹಾಲಿನ ಸಂಘದ ಲೆಕ್ಕವಾಗಲಿ, ಒಬ್ಬ ವಿದ್ಯಾರ್ಥಿ ತನ್ನ ಊರಿನ ಕೆರೆಯನ್ನು ಕುರಿತು ಬರೆದ ಪ್ರಬಂಧವಾಗಲಿ, ಮುಂದೊಂದು ದಿನ ಯಾರಿಗೆ, ಯಾವ ಕಾರಣಕ್ಕೆ ಬೇಕಾಗುವುದೆಂದು ಇಂದು ಹೇಳಲು ಬಾರದು. ಬೇಕಾದವರ ಕೈಗೆ ಅದು ಓದಲು ಬರುವ ಸ್ಥಿತಿಯಲ್ಲಿ ಸಿಕ್ಕರೆ ಬರೆದವರ ಶ್ರಮ ಸಾರ್ಥಕ.